ಹೆಪ್ಪುಗಟ್ಟಲೊಲ್ಲದ ರಕ್ತ

ಗಾಯಗೊಂಡವರನ್ನು ತೋಯಿಸಿ ತರುವುದು ನಮ್ಮ ಕಡೆಯವರ ಹಳೆಯ ಚಾಳಿ. ಎತ್ತಿನ ಗಾಡಿಯಲ್ಲಿ ಮಲಗಿಸುತ್ತಾರೆ, ಒದ್ದೆ ಧೋತರ ಸುತ್ತುತ್ತಾರೆ, ದಾರಿಯಲ್ಲಿ ಹಳ್ಳ ಬಾವಿ ಸಿಕ್ಕಲ್ಲೆಲ್ಲ ಇಳಿದು ಮತ್ತೆ ನೀರು ಸುರಿಯುತ್ತಾರೆ. ತಂಪು ಮಾಡಿದರೆ ರಕ್ತ ನಿಲ್ಲುತ್ತದೆ ಎಂದು ಅವರ ನಂಬಿಕೆ. ಆಗುವುದು ಅದರ ತಿರುವುಮುರುವು. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಗೋಕಾಕದ ಒಂದು ಆರು ಮಂಚದ ಖಾಸಗಿ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದಷ್ಟು ವರ್ಷವೂ ಇದನ್ನೇ ಗಂಟಲು ಹರಿದುಕೊಂಡು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬಾಯಿ ಜೋರು ಎಂಬ ಹೆಸರು ಮಾತ್ರ ಹುಕ್ಕೇರಿಯ ತನಕ ಹೋಯಿತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಕಬ್ಬು ಕಡಿಯುವ ಕಾಲ, ಒಳ್ಳೆಯ ಚಳಿ. ಮೂಡಲಗಿ ರಸ್ತೆಯಲ್ಲಿ ಎರಡು ಹರದಾರಿ ಆಚೆಯ ಹಳ್ಳಿಯಿಂದ ಬೆಳಿಗ್ಗೆ ಒಬ್ಬ ರೈತನನ್ನು ತಂದರು. ಮೂವತ್ತರೊಳಗಿನ ವಯಸ್ಸು. ಕಬ್ಬಿನ ಗಾಡಿ ಮಗುಚಿ ಗಾಲಿ ಅವನ ತೊಡೆಯ ಮೇಲೆ ಹಾದಿತ್ತು. ಜೊತೆಗೆ ಅವನ ತಾಯಿ, ಹೆಂಡತಿ, ಗಾಡಿ ಹೊಡೆದುಕೊಂಡು ಬಂದ ಮುದುಕ. ಹೊದಿಸಿದ ಧೋತರ ಹಿಂಡಿದರೆ ನೀರು ಬರುತ್ತಿತ್ತು. ಅವನ ತುಟಿ ನೀಲಿಯಾಗಿತ್ತು.

"ಇಂಥಾ ಥಂಡಿಯಾಗ ನೀರ ಹಾಕೀರಲ್ಲ, ಬುದ್ಧಿ ಐತೇನು ನಿಮಗ?" ಎಂದು ಕೂಗಿದೆ.

"ಉಷ್ಣ ಇಳೀಲಿ ಅಂತ ಹಾಕೇವ್ರಿ," ಎಂದಳು ತಾಯಿ.

ಡಾಕ್ಟರರು ತೊಡೆಯ ಗಾಯ ಬಿಚ್ಚಿ, ಹರಿದ ರಕ್ತನಾಳ ಹುಡುಕಿ ಕಟ್ಟಿದರು. ನಾನು ಸಲೈನ್ ಏರಿಸಿದೆ. ನಾಡಿ ಸಿಗುತ್ತಿರಲಿಲ್ಲವೆಂದು ಎರಡನೆಯ ಬಾಟಲಿ, ಮೂರನೆಯದು. ಆ ದಿನಗಳಲ್ಲಿ ನಮಗೆ ಗೊತ್ತಿದ್ದದ್ದು ಅಷ್ಟೇ. ನಾಡಿ ಸ್ವಲ್ಪ ತುಂಬಿ ಬಂತು, ನಾವಿಬ್ಬರೂ ಉಸಿರು ಬಿಟ್ಟೆವು. ಆಮೇಲೆ ಹೊಲಿಗೆಯ ಸಂದಿಗಳಿಂದ ತೆಳ್ಳಗೆ ರಕ್ತ ಜಿನುಗತೊಡಗಿತು. ಸೂಜಿ ಚುಚ್ಚಿದ ಜಾಗದಿಂದಲೂ ಬಂತು. ಒತ್ತಿ ಹಿಡಿದರೆ ಬಟ್ಟೆ ನೆನೆಯುತ್ತಿತ್ತು, ಬದಲಿಸಿದರೆ ಅದೂ ನೆನೆಯುತ್ತಿತ್ತು. ಕೊನೆಗೆ ವಸಡಿನಿಂದಲೂ ಬಂತು.

ಡಾಕ್ಟರರು ಅವನ ಇನ್ನೊಂದು ತೋಳಿನಿಂದ ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ನಿಮಿಷಕ್ಕೊಮ್ಮೆ ವಾಲಿಸಿ ನೋಡಬೇಕು. ಹತ್ತು ನಿಮಿಷದೊಳಗೆ ರಕ್ತ ಗಟ್ಟಿಯಾಗಿ ನಳಿಗೆಗೆ ಅಂಟಿ ನಿಲ್ಲಬೇಕು. ಹತ್ತಾಯಿತು, ಇಪ್ಪತ್ತಾಯಿತು. ವಾಲಿಸಿದರೆ ನೀರಿನಂತೆ ಹರಿಯಿತು.

"ಸಲೈನ್ ಹಾಕಿ ಹಾಕಿ ನಾವೂ ತೆಳ್ಳಗ ಮಾಡೇವಿ. ಇನ್ನ ತಾಜಾ ರಕ್ತ ಬೇಕು. ಈಗ ತಗದ ಈಗ ಕೊಡಬೇಕು," ಎಂದರು ಡಾಕ್ಟರರು.

ಒದ್ದೆ ಧೋತರಕ್ಕೆ ಬೈದಿದ್ದವಳು ನಾನು. ಸಲೈನ್ ಬಾಟಲಿ ತೂಗುಹಾಕಿದವಳೂ ನಾನೇ.

ಅವನನ್ನು ಕಂಬಳಿಯಲ್ಲಿ ಸುತ್ತಿ, ಇಟ್ಟಿಗೆ ಕಾಯಿಸಿ ಅರಿವೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟೆ. ಎಲ್ಲರ ರಕ್ತದ ಹನಿ ತೆಗೆದು ಅವನದರ ಜೊತೆ ಕೂಡಿಸಿ ನೋಡಿದೆವು. ನನ್ನದು, ಡಾಕ್ಟರರದು, ತಾಯಿಯದು ಹೊಂದಲಿಲ್ಲ. ಗಾಡಿ ತಂದ ಮುದುಕ ಸೂಜಿ ಕಂಡವನೇ ಎತ್ತಿಗೆ ನೀರು ಕುಡಿಸಲು ಹೋದವನು ಮತ್ತೆ ಬರಲಿಲ್ಲ. ಹೊಂದಿದ್ದು ಹೆಂಡತಿಯದು ಒಂದೇ.

ತಾಯಿ ಬಾಗಿಲಿಗೆ ಅಡ್ಡ ನಿಂತಳು. "ಅದೊಂದ ಆಗೂದಿಲ್ರಿ. ಹೇಣ್ತಿ ರಕ್ತ ಗಂಡನ ಮೈಯಾಗ ಹೊಕ್ರ ಅವರು ಅಣ್ಣಾ ತಂಗಿ ಆಗ್ತಾರ. ಮುಂದ ಸಂಸಾರ ಮಾಡಾಕ ಬರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಹೆಂಡತಿ ಈ ತಾಯಿಯ ಸ್ವಂತ ತಮ್ಮನ ಮಗಳು, ಕೌಜಲಗಿಯವಳು. ಬಂದಾಗಲೇ ಮುದುಕಿ ಹೇಳಿದ್ದಳು. "ತಮ್ಮನ ಮಗಳನ್ನ ಸೊಸಿ ಮಾಡ್ಕೊಳ್ಳೂ ಮುಂದ ರಕ್ತ ಅಡ್ಡ ಬರಲಿಲ್ಲೇನವಾ?" ಎಂದೆ.

"ಅದು ಬ್ಯಾರೇರಿ," ಎಂದಳು ಮುದುಕಿ. ಅವಳೂ ಅಳುತ್ತಿದ್ದಳು, ಬಾಗಿಲು ಮಾತ್ರ ಬಿಡಲಿಲ್ಲ.

ವಾದಕ್ಕೆ ಹೊತ್ತಿರಲಿಲ್ಲ. ನಾನು ಸುಳ್ಳು ಹೇಳಿದೆ. "ಆತು, ನಂದ ಕೊಡ್ತೇನಿ. ನೀ ಹೊರಗ ಕುಂದರು. ಈಕಿ ಒಳಗ ನನ್ನ ಕೈ ಹಿಡೀಲಿ." ನನ್ನದು ಹೊಂದಲಿಲ್ಲವೆಂಬುದನ್ನು ಮುದುಕಿಗೆ ಹೇಳಿರಲಿಲ್ಲ. ನನ್ನ ಕಾಲು ಮುಟ್ಟಿ ಹಣೆಗೆ ಹಚ್ಚಿಕೊಂಡು ಹೊರಗೆ ಹೋದಳು. ಡಾಕ್ಟರರು ಬಾಟಲಿ ತೊಳೆಯತೊಡಗಿದರು.

ಹುಡುಗಿಗೆ ಇಪ್ಪತ್ತೂ ಇರಲಿಕ್ಕಿಲ್ಲ. ಬೆಂಚಿನ ಮೇಲೆ ಮಲಗಿದವಳು ನಾನು ತೋಳಿಗೆ ಪಟ್ಟಿ ಕಟ್ಟುವಾಗ ಒಂದೇ ಮಾತು ಕೇಳಿದಳು. "ಬಾಯಾರ, ನನ್ನ ರಕ್ತ ಅವರ ಮೈಯಾಗ ಖಾಯಂ ಉಳೀತೈತೇನ್ರಿ?"

ಕೊಟ್ಟದ್ದು ವ್ಯರ್ಥವಾದೀತೇ ಎಂದು ಹೆದರಿದ್ದಾಳೆ ಅಂದುಕೊಂಡೆ. ಧೈರ್ಯ ಬರಲೆಂದು, "ಖಾಯಂ ಉಳೀತೈತವಾ, ಸಾಯೂತನಾ," ಎಂದೆ. ಅವಳು ಕಣ್ಣು ಮುಚ್ಚಿ ತೋಳು ಚಾಚಿದಳು. ಒಂದು ಬಾಟಲಿ ತುಂಬಿತು. ಡಾಕ್ಟರರು ಇನ್ನರ್ಧ ಬೇಕೆಂದರು. ಆಗಲೂ ಕೈ ಹಿಂದೆಗೆಯಲಿಲ್ಲ.

ಬಿಸಿ ಆರುವ ಮೊದಲೇ ಅದನ್ನು ಅವನಿಗೆ ಏರಿಸಿದೆವು. ಮಧ್ಯಾಹ್ನ ಮತ್ತೆ ನಳಿಗೆಯಲ್ಲಿ ರಕ್ತ ಹಿಡಿದೆ. ಹದಿನಾಲ್ಕನೆಯ ನಿಮಿಷಕ್ಕೆ ವಾಲಿಸಿದಾಗ ಅಲುಗಲಿಲ್ಲ. ಪೂರ್ತಿ ಬೋರಲು ಹಾಕಿದೆ, ಬೀಳಲಿಲ್ಲ. ಆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಕ್ಕಳಂತೆ ಅತ್ತುಬಿಟ್ಟೆ. ಸಂಜೆಗೆ ಗಾಯದ ಬಟ್ಟೆ ಒಣಗಿತ್ತು.

ಒಂದೂವರೆ ತಿಂಗಳ ಮೇಲೆ ಅವನು ಕೋಲೂರಿಕೊಂಡು ಮನೆಗೆ ಹೋದ. ಒಂದು ಕಾಲು ಗಿಡ್ಡವಾಗಿತ್ತು, ಜೀವ ಗಟ್ಟಿಯಾಗಿತ್ತು. ತಾಯಿ ನನಗೆ ಕುಪ್ಪಸದ ಖಣ ಕಳಿಸಿದಳು, ನೀನಿನ್ನು ನನ್ನ ಮಗಳು ಎಂದು ಹೇಳಿ ಕಳಿಸಿದಳು. ಅದನ್ನು ಡಾಕ್ಟರರಿಗೆ ತೋರಿಸಿ ನಕ್ಕಿದ್ದೆ.

ಮುಂದಿನ ವರ್ಷ ಮಳೆಗಾಲದಲ್ಲಿ ಕಾಲರಾ ಸೂಜಿ ಹಾಕಲು ಕೌಜಲಗಿಗೆ ಹೋದೆ. ಚಾವಡಿಯ ಮುಂದಿನ ಸಾಲಿನಲ್ಲಿ ಆ ಹುಡುಗಿ ನಿಂತಿದ್ದಳು. ತವರಿಗೆ ಬಂದಿದ್ದಾಳೆ, ಬಸುರಿಯೋ ಏನೋ ಅಂದುಕೊಂಡು ಚೇಷ್ಟೆಯಾಗಿ ಕೇಳಿಯೂಬಿಟ್ಟೆ.

"ಇಲ್ರಿ ಬಾಯಾರ. ನನ್ನ ಬಿಟ್ಟಾರ್ರಿ. ಹಿರ್‍ಯಾರ ಮುಂದ ಸೋಡಚೀಟಿ ಬರದ ಕೊಟ್ರು," ಎಂದಳು.

"ರಕ್ತ ನಿಂದ ಅಂತ ಯಾರ ಹೇಳಿದ್ರು ಅವರಿಗೆ?"

"ನಾನ ಹೇಳಿದ್ನಿ. ಮನೀಗಿ ಹೋದಮ್ಯಾಗ ಅವರು ನನ್ನ ಕೈ ಹಿಡಿಯಾಕ ಬಂದ್ರು. ಅಣ್ಣ ಆದಮ್ಯಾಗ ಹೆಂಗ್ರಿ? ಅದನ್ನ ತಿಳದ ಕೊಟ್ಟಿದ್ನಿ. ಜೀವ ಒಂದ ಉಳೀಲಿ ಅಂತ."

ಮುದುಕಿಯ ಮಾತನ್ನು ಹುಡುಗಿಯೂ ನಂಬಿದ್ದಳು. ನಾನು ಮುದುಕಿಯೊಡನೆ ಜಗಳಾಡುವ ಭರದಲ್ಲಿ ಇವಳ ಮುಖವನ್ನೇ ನೋಡಿರಲಿಲ್ಲ. ಧೈರ್ಯಕ್ಕೆಂದು ಕೊಟ್ಟ ಉತ್ತರದಿಂದ ಅವಳ ಸಂಸಾರಕ್ಕೆ ಕಲ್ಲು ಹಾಕಿದ್ದೆ.

"ಖಾಯಂ ಉಳಿಯೂದಿಲ್ಲವಾ. ನಾ ಸುಳ್ಳ ಹೇಳಿದ್ನಿ," ಎಂದೆ. "ಕೊಟ್ಟ ರಕ್ತ ಮೂರ-ನಾಕ ತಿಂಗಳದಾಗ ಹೋಗಿಬಿಡತೈತಿ. ಮೈ ತನ್ನದ ಹೊಸದ ಮಾಡ್ಕೊತೈತಿ."

ಅವಳು ಬೆರಳು ಮಡಿಸಿ ತಿಂಗಳು ಎಣಿಸಿದಳು. "ಯುಗಾದಿ ಹೊತ್ತಿಗೆ ಹೋಗಿರತಿತ್ತೇನ್ರಿ?"

"ಹೋಗಿರತಿತ್ತು."

"ಯುಗಾದಿ ಆಗಿ ಎಂಟ ದಿನಕ್ಕ ಅವರು ಇನ್ನೊಂದ ಲಗ್ನಾ ಮಾಡ್ಕೊಂಡ್ರು," ಎಂದಳು. ಆಮೇಲೆ ತೋಳಿನ ಸೆರಗು ಸರಿಸಿದಳು. "ಸೂಜಿ ಹಾಕ್ರಿ ಬಾಯಾರ, ಹಿಂದ ಮಂದಿ ನಿಂತೈತಿ."