ಖಾಸಿಂಬಿಯ ಉಕ್ಕಿನ ಸರಳುಗಳು

ನಿಜಾಮರ ಕಾಲದ ಮಸ್ಕಿಯಲ್ಲಿ ಹತ್ತಿಯ ಕಾಳು ಬಿಡಿಸುವುದು ಪಿಂಜಾರರ ಓಣಿಯ ಹೆಂಗಸರ ಕೆಲಸ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಬೇಕು. ಕಾಳು ಮುಂದೆ ಸಿಡಿಯುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಹನ್ನೆರಡನೇ ವಯಸ್ಸಿಗೆ ಆ ಕಲ್ಲಿನ ಮುಂದೆ ಕೂತ ಖಾಸಿಂಬಿ ನಲವತ್ತಕ್ಕೆ ಗೋಡೆ ಹಿಡಿಯದೆ ಏಳಲಾರದಾದಳು.

ಹಟ್ಟಿಯ ಚಿನ್ನದ ಗಣಿ ಮುಚ್ಚಿದ ಮೇಲೆ ಗುಜರಿಗೆ ಬಂದ ಎರಡು ಉಕ್ಕಿನ ಸರಳುಗಳನ್ನು ಅವಳು ಗಂಡ ಮೌಲಾಹುಸೇನನಿಂದ ತರಿಸಿದಳು. ಬಡಿಗನ ಎದುರು ಕೂತು ಚೌಕಟ್ಟು ಮಾಡಿಸಿದಳು. ಹಿಡಿಕೆ ತಿರುವಿದರೆ ಸರಳುಗಳ ನಡುವೆ ಅರಳೆ ಮಾತ್ರ ನುಸುಳುತ್ತಿತ್ತು. ನಾಲ್ವರ ದಿನದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಆ ಬೇಸಿಗೆ ಊರ ಹತ್ತಿಯೆಲ್ಲ ಅವಳ ಮನೆಗೇ ಬಂತು. ಅಲ್ಲಿಯ ಕಾಳು ತಿಂದ ಎಮ್ಮೆಗಳು ಹೆಚ್ಚು ಹಾಲು ಕೊಟ್ಟವು.

ಬಿತ್ತುವ ಮುಂಚೆ ರೂಢಿಯಂತೆ ಅದೇ ಕಾಳಿಗೆ ಸಗಣಿ, ಮಣ್ಣು ತಿಕ್ಕಿದರು, ಒಂದಕ್ಕೊಂದು ಅಂಟಿಕೊಳ್ಳದೆ ಕೂರಿಗೆಯಲ್ಲಿ ಇಳಿಯಲೆಂದು. ಸರಳಿನ ಬಿಗಿಗೆ ಕಾಳು ಸೀಳಿದ್ದು ಆ ಸಗಣಿಯಡಿ ಕಾಣಲಿಲ್ಲ. ಬಿತ್ತಿ ಎಂಟು ದಿನವಾದರೂ ಮೊಳಕೆಯೇಳದೆ ಎರೆಹೊಲ ಕಪ್ಪಾಗಿಯೇ ಇತ್ತು.

ಊರ ಕಂದಾಯ ನೋಡುವ ಮಾಲಿಪಾಟೀಲ ಗದ್ದೆಪ್ಪ ಕೊಡಲಿ ಹಿಡಿದು ಅಂಗಳಕ್ಕೆ ಬಂದ.

“ಹೊರಗ ತಗೀ ಬೇ ಅದನ್ನ. ಊರ ಬೀಜಾನ ಕೊಂದೈತಿ.”

ಖಾಸಿಂಬಿ ಬಿತ್ತಿ ಉಳಿದಿದ್ದ ಒಂದು ಕಾಳಿನ ಸಗಣಿ ಉಜ್ಜಿ, ಸೀಳು ನೋಡಿ, ಅವನ ಅಂಗೈಗಿಟ್ಟಳು. “ಖರೇ ಐತ್ರೀ ಪಾಟೀಲ್ರ. ತಪ್ಪು ನಂದು. ಆದ್ರ ಈ ಒಡಕ ಕಾಳು ತಿಂದು ನಿಮ್ಮ ಎಮ್ಮಿ ಹಾಲು ಕೊಟ್ಟಾಗ ಯಾರೂ ಕೊಡಲಿ ತರಲಿಲ್ಲ. ಹೊಲದಾಗ ಹಸಿ ಇನ್ನೂ ಐದು ದಿನ ಇರತೈತಿ. ನನ್ನ ಮನ್ಯಾಗ ಬಿಡಿಸದ ಹತ್ತಿ ಐತಿ, ಕಲ್ಲೂ ಐತಿ.”

“ಕಲ್ಲು ಬ್ಯಾಡಂದಾಕಿ ಕಲ್ಲಿಗೇ ಬಂದ್ಲು,” ಎಂದಳು ನೆರೆಮನೆಯ ದಾವಲ್‌ಬೀ.

“ಬಂದೀನಿ. ನೀನೂ ಬಾ. ಬಾಯಿ ಅಷ್ಟ ಯಾಕ, ಕಾಲೂ ಆಡ್ಸು.”

ನಾಲ್ಕು ದಿನ ಓಣಿಯ ಹೆಂಗಸರು ಸಲಾಕೆ ಉರುಳಿಸಿದರು. ಆ ಕಾಳು ಬಿತ್ತಿದ ವಾರಕ್ಕೆ ಸಾಲು ಹಸಿರಾಯಿತು.

ಗದ್ದೆಪ್ಪ ಮತ್ತೆ ಬಂದ, ಕೊಡಲಿ ಸಮೇತ. “ಈಗರ ಕೊಡು. ಬರೋ ವರ್ಷ ಮತ್ತ ಬೀಜ ಕೊಲ್ಲತೈತಿ.”

“ಮಾರೋ ಹತ್ತಿಗೆ ಇದು, ಬಿತ್ತೋ ಕಾಳಿಗೆ ಆ ಕಲ್ಲು. ಇದನ್ನ ಒಡಿಯಾವ ಮೊದಲು ಒಂದು ದಿನ ಇಲ್ಲಿ ಕುಂತು ಸಲಾಕಿ ಉರುಳ್ಸಲಿ. ಸಂಜೀಕ ಗ್ವಾಡಿ ಹಿಡೀಲಾರ್ದ ಎದ್ರ, ಕೊಡಲಿ ನಾನ ಎತ್ತಿಕೊಡ್ತೀನಿ.”

ಗದ್ದೆಪ್ಪ ಕಲ್ಲನ್ನು ನೋಡಿದ, ಅವಳ ಮೊಣಕಾಲನ್ನು ನೋಡಿದ. ಕೊಡಲಿ ಹೆಗಲಿಗೇರಿಸಿ ಹೊರಟುಹೋದ. ಖಾಸಿಂಬಿ ಗೋಡೆ ಹಿಡಿದು ಎದ್ದು, ಹಿಡಿಕೆ ತಿರುವತೊಡಗಿದಳು.