ಒಂದು ನಗುವಿಗೆ ಇಟ್ಟ ಹೆಸರು

ರಾವೂರಿನಲ್ಲಿ ನಮ್ಮ ಪಕ್ಕದ ಮನೆಯ ಪಡಸಾಲೆ. ಅಂದು ಸಂಜೆ ಅಲ್ಲಿ ಮನೆಯ ಯಜಮಾನ, ಅವರ ಮಗ ಮಹೇಶ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅಜ್ಜಿ ನೀಲಮ್ಮ ಮತ್ತು ನಾನು ಕುಳಿತಿದ್ದೆವು. ಚಿತ್ತಾಪುರದ ಕಾಲೇಜಿಗೆ ಹೋಗುವ ಮಗಳು ಅಂಬಿಕಾ ಒಳಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

“ಬಸ್‌ಸ್ಟ್ಯಾಂಡಿನಾಗ ಒಬ್ಬಾಂವ ಇಕಿಗಿ ಲೈನ್ ಹೊಡಿಲಿಕತ್ಯಾನ. ಇಕಿನೂ ಲೈನ್ ಕೊಡ್ಲಿಕತ್ಯಾಳಂತ. ನನ್ನ ದೋಸ್ತರು ಹೇಳ್ಯಾರ. ನಾಳಿಂದ ಕಾಲೇಜ್ ಬಂದ್ ಮಾಡಸ್ರಿ,” ಎಂದ ಮಹೇಶ. ತಂದೆಯ ಮುಖ ಕಪ್ಪಿಟ್ಟಿತು.

ಅಜ್ಜಿ ಮೊರವನ್ನು ಕೆಳಗಿಟ್ಟರು. “ನಿಮ್ಮ ಇಂಗ್ಲಿಷ್ ನನಗ ತಿಳಿಯಂಗಿಲ್ಲಪ್ಪ. ಲೈನ್ ಕೊಡೋದಂದ್ರ ಏನು? ಇಕಿ ಏನ್ ಮಾಡ್ಯಾಳ, ಅದನ್ನ ಹೇಳು.”

ಮಹೇಶ ತಡವರಿಸಿದ. “ಅಂವ ಏನೋ ಅಂದನಂತ. ಇಕಿ ನಕ್ಕಳಂತ.”

“ಮತ್ತ?”

“ಅಷ್ಟ.”

“ತಂಗಿ ನಕ್ಕಳು ಅಂತಷ್ಟ ಹೇಳಿದ್ರ ನಿಮ್ಮಪ್ಪ ಕಾಲೇಜ್ ಬಿಡಸ್ತಿದ್ದನೇನು?”

ಅಜ್ಜಿ ದನಿ ಏರಿಸಲಿಲ್ಲ. ಹುಡುಗರ ಇಂಗ್ಲಿಷಿನಲ್ಲಿ ಅಷ್ಟು ದೊಡ್ಡ ಅಪರಾಧವಾಗಿ ಕೇಳಿಸಿದ್ದು, ಮನೆಮಾತಿಗೆ ಬಂದಾಗ ಒಂದು ನಗು ಮಾತ್ರ ಆಗಿ ಉಳಿದಿತ್ತು. ಅಂಬಿಕಾ ಒಳಗೆ ಹೋಗಿ ಅಳುವುದು ಕೇಳಿಸುತ್ತಿತ್ತು. ಕೊನೆಗೆ ತಂದೆ, “ನಾಳಿ ಹೋಗ್ಲಿ,” ಎಂದಷ್ಟೇ ಹೇಳಿ ಎದ್ದರು.

ಮರುದಿನ ಬೆಳಿಗ್ಗೆ ಅಂಬಿಕಾ ಕಾಲೇಜಿಗೆ ಹೊರಟಳು. ಚಿತ್ತಾಪುರದ ಬಸ್ಸಿಗೆ ಕೈ ಮಾಡಿ ನಿಲ್ಲಿಸಿದವನು ಮಹೇಶ.