ಸ್ಟೂಲಕ್ಕ ಬರೆದ ಬೆನ್ನು

ಸಮಸ್ತ ಓದುಗರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಚಿತ್ರಕಲಾ ಶಾಲೆಯ ಮೇಲ್ಮಹಡಿಯಲ್ಲಿರುವ ಸ್ಟೂಲಿನ ಕುಂಟುಕಾಲಿನಡಿಗೆ ಇಂದು ಸೂರ್ಯೋದಯಕ್ಕೆ ಸರಿಯಾಗಿ ಹೊಸ ರಟ್ಟಿನ ತುಂಡೊಂದನ್ನು ಇಡಲಾಗಿದೆ. ಸಮಾರಂಭಕ್ಕೆ ಗಣ್ಯರು ಯಾರೂ ಬಂದಿರಲಿಲ್ಲ. ಇಟ್ಟವಳು ಅದರ ಮೇಲೆ ಕೂರುವವಳೇ.

ಎಲ್ಲರ ಬಾಯಲ್ಲೂ ಆಕೆ ಸ್ಟೂಲಕ್ಕ. ಎಳೆಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ವಿದ್ಯಾರ್ಥಿಗಳಿಗೆ ಬೆನ್ನು ಹಾಕಿ ಕೂರುತ್ತಾಳೆ. ಅವರು ಇದ್ದಿಲಿನಲ್ಲಿ ಆ ಬೆನ್ನನ್ನು ಬರೆಯುತ್ತಾರೆ. ಮಿಸುಕುವಂತಿಲ್ಲ, ಸೀನುವಂತಿಲ್ಲ. ಕೂತು ತಿನ್ನುವುದು ಉಳಿದವರಿಗೆ ಬೈಗುಳ, ಇವಳಿಗೆ ಹುದ್ದೆ.

"ನಮ್ಮತ್ತೆ ಕೇಳ್ತಾರೆ, ಸುಮ್ನೆ ಕೂತು ಬಂದು ಸುಸ್ತು ಅಂತೀಯಲ್ಲೇ ಅಂತ. ನೀವೇ ಕೂತ್ ನೋಡಿ ಅಂದೆ. ಕೂತ್ರು. ಮೂಗು ಕೆರೀತು, ಎದ್ಬಿಟ್ರು."

ಶಾಲೆಯ ಗೋಡೆ ತುಂಬ ಅವಳ ಬೆನ್ನೇ. ಒಂದರಲ್ಲಿ ಅದರ ಹೆಸರು 'ವಿಷಾದ', ಬಹುಮಾನ ಬಂದದ್ದರಲ್ಲಿ 'ಮಹಾಮೌನ'. "ಆವತ್ತು ಸೊಂಟ ಹಿಡ್ಕೊಂಡಿತ್ತು, ಅಷ್ಟೇ" ಎನ್ನುತ್ತಾಳೆ. ಬರೆದವರ ಬೆನ್ನು ತಟ್ಟಲಾಗಿದೆ. ಈ ಬೆನ್ನನ್ನು ಯಾರೂ ತಟ್ಟಿಲ್ಲ.

ಪ್ರಾಂಶುಪಾಲರದು ವರ್ಷವೂ ಒಂದೇ ಭಾಷಣ: ಪ್ರತಿಯೊಬ್ಬರೊಳಗೂ ಕಲಾವಿದನಿದ್ದಾನೆ, ಹೆದರದೆ ಇದ್ದಿಲು ಎತ್ತಿಕೊಳ್ಳಿ. ಸ್ಫೂರ್ತಿಯನ್ನು ಪುಕ್ಕಟೆ ಹಂಚುವವರು, ಯಾರಾದರೂ ನಿಜವಾಗಿ ತೆಗೆದುಕೊಂಡಾರು ಎಂದು ಎಣಿಸಿರುವುದಿಲ್ಲ. ಸ್ಟೂಲಕ್ಕ ತೆಗೆದುಕೊಂಡಳು. ನೆಲಕ್ಕೆ ಬಿದ್ದ ಇದ್ದಿಲ ಚೂರು ಆಯ್ದು, ಅಡುಗೆಮನೆಯಲ್ಲಿ ಕಾಗದ ಹಾಸಿ, ತನ್ನ ಬೆನ್ನನ್ನು ತಾನೇ ಬರೆದಳು.

ಕನ್ನಡಿ ನೋಡಿಕೊಂಡೇ?

"ಅದ್ರಲ್ಲಿ ಬೆನ್ನೆಲ್ಲಿ ಕಾಣುತ್ತೆ? ಎಲ್ಲಿ ನೋಯುತ್ತೋ ಅಲ್ಲಿ ಕಪ್ಪು ಜಾಸ್ತಿ ಬಳಿದೆ."

ಒಂದು ಭುಜ ಇನ್ನೊಂದರ ಎರಡರಷ್ಟಿದೆ. ಸೊಂಟದ ಹತ್ತಿರ ಕಾಗದ ಹರಿಯುವಷ್ಟು ಕಪ್ಪು.

ಆಸೆ ಒಂದೇ: ವಾರ್ಷಿಕ ಪ್ರದರ್ಶನದಲ್ಲಿ ಅದು ಒಂದು ಮೊಳೆಗೆ ತೂಗಬೇಕು, ಅತ್ತೆಗೆ ತೋರಿಸಬೇಕು. ಕಳೆದ ತಿಂಗಳು ಆಯ್ಕೆ ಸಮಿತಿ ಚಿತ್ರವನ್ನು ಮೆಚ್ಚಿತು. ಪ್ರದರ್ಶನಕ್ಕೆಂದು ಅತ್ತೆಗೆ ಹೊಸ ಚಪ್ಪಲಿ ಬಂತು. ಪ್ರದರ್ಶನದ ಮುನ್ನಾದಿನ ಪ್ರಾಂಶುಪಾಲರು ಕರೆದರು.

"ಚೆನ್ನಾಗಿದೆ ಕಣಮ್ಮ. ಆದ್ರೆ ನಮ್ದು ಮಾಡೆಲ್ ನೋಡಿ ಬರೆದ ಚಿತ್ರಗಳ ಪ್ರದರ್ಶನ. ಬರೆಯೋವಾಗ ಮಾಡೆಲ್ ಎದುರಿಗಿರ್ಬೇಕು ಅಂತ ನಿಯಮ."

"ನಾನು ಅಲ್ಲೇ ಇದ್ನಲ್ಲ ಸಾರ್."

"ಇದ್ರಿ. ಎದುರಿಗೆ ಇರ್ಲಿಲ್ಲ."

ಮರುದಿನ ಅತ್ತೆ ಹೊಸ ಚಪ್ಪಲಿಯಲ್ಲಿ ಬಂದೇ ಬಂದರು. ನಾಲ್ಕೂ ಗೋಡೆಗೆ ಸೊಸೆಯ ಬೆನ್ನು, ಅವಳೇ ಬರೆದದ್ದೊಂದು ಬಿಟ್ಟು. ಒಂದೊಂದರ ಮುಂದೆಯೂ ನಿಂತು, ಕಣ್ಣು ಕಿರಿದು ಮಾಡಿ ನೋಡಿದರು.

"ಇದ್ರಲ್ಲಿ ನೀನು ಬರ್ದಿದ್ದು ಯಾವ್ದೇ?"

ಸ್ಟೂಲಕ್ಕ ಮಿಸುಕಲಿಲ್ಲ.